ಬಾಗಿಲು ಮಾತ್ರ ತೆಗೆಯುವ ಕೀ

ಅಣ್ಣ ಮಾರಿದ ವ್ಯಾನಿಗೆ ಅಣ್ಣನೇ ಕಳ್ಳನಾಗಿದ್ದ. ತಂಗಿ ಆ ಹಳೆಯ ಗಾಡಿಯನ್ನು ಕೊಂಡು, ಕಾಗದಪತ್ರ ತನ್ನ ಹೆಸರಿಗೆ ಮಾಡಿಸಿಕೊಂಡು ವರ್ಷವಾಗುತ್ತ ಬಂದಿತ್ತು. ಎರಡನೆಯ ಕೀ ಎಲ್ಲಿ ಎಂದು ಕೇಳಿದಾಗಲೆಲ್ಲ "ಕಳೆದುಹೋಯ್ತು ಕಣೆ" ಎಂದು ಕೈ ಕೊಡವುತ್ತಿದ್ದ. ಕಳೆದುಹೋದ ಆ ಕೀ ಆಗಾಗ ವ್ಯಾನನ್ನು ಊರೆಲ್ಲ ಸುತ್ತಿಸಿ ತಂದು ನಿಲ್ಲಿಸುತ್ತಿತ್ತು. ಸೀಟು ಹಿಂದಕ್ಕೆ ಸರಿದಿರುತ್ತಿತ್ತು, ಟ್ಯಾಂಕು ಬರಿದಾಗಿರುತ್ತಿತ್ತು. ಕೇಳಿದರೆ, ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನಗುತ್ತಿದ್ದ. ಆ ನಗು ಕಂಡರೆ ತಂಗಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳದು ಲಾಂಡ್ರಿ. ಲಾಡ್ಜುಗಳ ಹಾಸು ಹೊದಿಕೆ ಒಗೆದು, ಇಸ್ತ್ರಿ ಮಾಡಿ, ಬೆಳಿಗ್ಗೆಯೇ ತಲುಪಿಸಬೇಕು. ಈ ವಾರ ಒಂದು ದಿನ ವ್ಯಾನು ಮಧ್ಯಾಹ್ನದವರೆಗೂ ಜಾಗದಲ್ಲಿರಲಿಲ್ಲ. ದೊಡ್ಡ ಲಾಡ್ಜಿನ ಮ್ಯಾನೇಜರು ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ." ಆ ಲಾಡ್ಜು ಕೈಬಿಟ್ಟರೆ ಲಾಂಡ್ರಿ ಮುಚ್ಚಿದಂತೆಯೇ.

ಆ ಸಂಜೆ ಅತ್ತಿಗೆಯ ಫೋನು ಬಂತು. ಮಾತು ಮುಗಿಸಿ ತಂಗಿ ನೇರ ಕೀ ಮಾಡುವವನ ಅಂಗಡಿಗೆ ಹೋದಳು.

"ಹೊಸ ಕೀ ಮಾಡ್ಕೊಡಿ. ಇನ್ನೊಂದು ಎಲ್ಲೋ ಇದೆ, ಅದು ಕೆಲಸ ಮಾಡಬಾರದು."

ಅವನು ಕಾಗದ ನೋಡಿ, ಸ್ಟೀರಿಂಗಿನ ಕೆಳಗೆ ತನ್ನ ಯಂತ್ರದ ವೈರು ಸಿಕ್ಕಿಸಿದ. "ಗಾಡಿ ಹಳೇದಾದ್ರೂ ಕೀ ಒಳಗೆ ಚಿಪ್ ಇದೆ ಅಕ್ಕ, ಅದನ್ನ ಗುರುತು ಹಿಡಿದ್ರೇ ಇಂಜಿನ್ ಸ್ಟಾರ್ಟ್ ಆಗೋದು. ನಿಮ್ಮ ಕೈಲಿರೋದನ್ನೂ ಹೊಸದನ್ನೂ ಗಾಡಿಗೆ ಕಲಿಸ್ತೀನಿ. ಇಲ್ಲಿಲ್ಲದ್ದನ್ನ ಅದು ಮರೆತುಬಿಡುತ್ತೆ. ಯೋಚನೆ ಮಾಡಿ, ಮನೆಯವರ ಹತ್ರ ಏನಾದ್ರೂ ಇದ್ರೆ..."

"ಮನೆಯವರಲ್ಲ, ಕಳ್ಳನ ಹತ್ರ ಇದೆ. ಮರೀಲಿ."

"ಬಾಗಿಲು ಮಾತ್ರ ಅದರಲ್ಲೂ ತೆಗಿಯುತ್ತೆ. ಬೀಗಾನೂ ಬದಲಾಯಿಸ್ಲಾ?"

"ಬೇಡ. ಒಳಗೆ ಕೂತು ಒದ್ದಾಡ್ಲಿ."

ಹಾಗೆ ಹೇಳಿದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಬಟ್ಟೆಗಂಟು ಹೊತ್ತು ಬೀದಿಗೆ ಬಂದರೆ, ಅಣ್ಣ ಡ್ರೈವರ್ ಸೀಟಿನಲ್ಲಿ ಬೆವರು ಸುರಿಸುತ್ತ ಕೂತಿದ್ದ. ಕೀ ತಿರುಗಿಸಿದಾಗಲೆಲ್ಲ ಇಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು.

"ಏನ್ ಮಾಡಿದ್ದೀಯೇ ಗಾಡಿಗೆ?"

"ನನ್ನ ಗಾಡಿ, ಏನಾದ್ರೂ ಮಾಡ್ತೀನಿ. ಇಳಿ."

"ಇಳಿಯಲ್ಲ. ನನ್ನ ಅತ್ತೆ ಮಾವನ್ನ ಸ್ಟೇಷನ್ನಿಂದ ಕರ್ಕೊಂಡು ಬರ್ಬೇಕು. ಹೊಸ ಕೀ ಕೊಡು."

"ಆಟೋ ಸಿಗುತ್ತೆ."

ಅವನು ಕದಲಲಿಲ್ಲ. ಅವಳು ಬಾಗಿಲು ತೆಗೆದು ಗಂಟನ್ನು ಅವನ ತೊಡೆಯ ಮೇಲೇ ಒಗೆದಳು. ಒಳಗೆ ಹೋಗಿ ಇನ್ನೊಂದು ತಂದಳು, ಮತ್ತೊಂದು ತಂದಳು. ಅವನ ಮುಖ ಗಂಟುಗಳ ಹಿಂದೆ ಮರೆಯಾಯಿತು.

"ಮಾರಿಬಿಟ್ಟೆ ಅಂತ ಮನೇಲಿ ಹೇಳಿಲ್ಲ ಕಣೆ," ಎಂದಿತು ಗಂಟುಗಳ ಹಿಂದಿನ ದನಿ. "ನಿನಗೆ ಓಡಿಸೋಕೆ ಕೊಟ್ಟಿದ್ದೀನಿ ಅಂತ ನಿನ್ನತ್ತಿಗೆ ಅಂದ್ಕೊಂಡಿದ್ದಾಳೆ. ಇವತ್ತು ಆಟೋದಲ್ಲಿ ಹೋದ್ರೆ ಅವಳ ಮುಂದೆ ನನ್ನ ಮರ್ಯಾದೆ ಏನಾಗುತ್ತೆ?"

ತಂಗಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ವರ್ಷವೆಲ್ಲ ಇವನ ಮರ್ಯಾದೆಗೆ ಪೆಟ್ರೋಲು ಹಾಕಿಸಿದವಳು ತಾನು. ಅತ್ತ ಲಾಡ್ಜಿಗೆ ಹೊತ್ತಾಗುತ್ತಿತ್ತು.

"ಅತ್ತಿಗೆಗೆ ಎಲ್ಲಾ ಗೊತ್ತು," ಎಂದಳು. "ನಿನ್ನ ಹತ್ರಾನೇ ಕೀ ಇದೆ ಅಂತ ನನಗೆ ಖಾತ್ರಿ ಮಾಡಿ ಹೇಳಿದ್ದೇ ಅವಳು. ಅದನ್ನ ಕೆಲಸಕ್ಕೆ ಬಾರದ ಹಾಗೆ ಮಾಡಿಸು, ಇವರ ನಾಟಕ ನೋಡೋಕಾಗಲ್ಲ ಅಂತ ಕಳಿಸಿದ್ದೂ ಅವಳೇ."

ಅಣ್ಣ ಗಂಟುಗಳನ್ನು ಒಂದೊಂದಾಗಿ ಪಕ್ಕದ ಸೀಟಿಗೆ ಇಟ್ಟು ಕೆಳಗಿಳಿದ. ಅವಳು ಹತ್ತಿ ಕೂತು ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಕೇಳಿದ: "ಅವಳಿಗೆ ಯಾವತ್ತಿಂದ ಗೊತ್ತು?"

"ನೀನು ಮಾರಿದ ದಿನದಿಂದ," ಎಂದು ತಂಗಿ ಗಾಡಿ ಹೊರಡಿಸಿದಳು.