ರುಚಿ ನೋಡದ ಗುಲಾಶ್

ಪ್ರಾಗ್‌ನಲ್ಲಿ ಮೂರು ವರ್ಷ ಹೋಟೆಲೊಂದರ ಒಲೆಯಲ್ಲಿ ನಾನು ಗುಲಾಶ್ ಬೇಯಿಸಿದ್ದೇನೆ, ಒಂದು ದಿನವೂ ನಾಲಗೆಗೆ ಇಟ್ಟಿಲ್ಲ. ಝೆಕ್ ಜನರ ಕೆಂಪು ಬಣ್ಣದ ಮಾಂಸದ ಗಸಿ ಅದು. ಅಲ್ಲಿ ಈರುಳ್ಳಿ ಹುರಿಯುವುದೇ ಹಂದಿಯ ಕೊಬ್ಬಿನಲ್ಲಿ. ನಾನು ಬ್ಯಾರಿಗಳ ಹುಡುಗ, ನಮ್ಮ ಮುಸ್ಲಿಮರಿಗೆ ಹಂದಿ ಹರಾಮು. ಪಕ್ಕದ ಒಲೆಯ ಮುದುಕಿ ವ್ಲಾಸ್ತಾ ಸೌಟಿನಿಂದ ಒಂದು ಹನಿ ನೆಕ್ಕಿ ತಲೆ ಆಡಿಸಿದರೆ ಸರಿ ಅಂತ ಲೆಕ್ಕ. ಇಲ್ಲದಿದ್ದರೆ ಜೀರಿಗೆ ಡಬ್ಬಿ ತೋರಿಸುತ್ತಿದ್ದಳು. ನಮ್ಮಿಬ್ಬರ ಮಾತು ಅಷ್ಟೇ.

ವೀಸಾ ಮುಗಿಯಿತು. ಸುಳ್ಯದ ಹತ್ತಿರದ ನಮ್ಮ ಕಲ್ಲುಗುಂಡಿಯಲ್ಲಿ ಅಣ್ಣ ಮಶೂದನ ಹೋಟೆಲಿಗೆ ಬಂದು ಬಿದ್ದೆ.

"ಕಾಕ, ಒಂದು ದಿನ ಗುಲಾಶ್ ಮಾಡ್ತೇನೆ," ಅಂದೆ. ನಮ್ಮಲ್ಲಿ ಅಣ್ಣನನ್ನು ಕರೆಯುವುದು ಹಾಗೆ.

"ಒಂಬತ್ತನೇ ಕ್ಲಾಸ್ ಫೇಲು, ದೊಡ್ಡ ಶೆಫ್ ಬಂದ! ಮಾಡು ಝಾಕಿರ್. ಜನ ತಿಂದ್ರೆ ಬೋರ್ಡಿಗೆ ಅದರ ಹೆಸರು ಹಾಕುವ, ಒಲೆ ನಿಂದೇ. ಇಲ್ಲಾಂದ್ರೆ ಬಾಯಿ ಮುಚ್ಚಿ ಪರೋಟ ಬಡಿಯುವ ಕಲ್ಲಿಗೆ ನಿಲ್ಲು."

ಶುಕ್ರವಾರ ಆಡಿನ ಮಾಂಸ ತಂದೆ. ಮಾಂಸದಷ್ಟೇ ಈರುಳ್ಳಿ, ತೆಂಗಿನೆಣ್ಣೆ, ಜೀರಿಗೆ, ಖಾರ ಕಮ್ಮಿಯ ಬ್ಯಾಡಗಿ ಪುಡಿ. ಬಣ್ಣ ಅಲ್ಲಿಯದೇ ಬಂತು. ಮೊದಲ ಸಲ ಸೌಟನ್ನು ಬಾಯಿಗೆ ಹಿಡಿದೆ. ರುಚಿ ಇತ್ತು. ಆದರೆ ಗುಲಾಶ್ ಹೀಗೇ ಇರುದಾ? ಯಾರನ್ನು ಕೇಳುದು? ಪುತ್ತೂರು, ಸುಳ್ಯ, ಕಡಬ ಪೂರಾ ಜಾಲಾಡಿದರೂ ಇದಕ್ಕೆ ತಲೆ ಆಡಿಸುವವ ಒಬ್ಬ ಸಿಗಲಿಕ್ಕಿಲ್ಲ.

ಜುಮಾ ನಮಾಜು ಮುಗಿಸಿ ಬಂದವರಲ್ಲಿ ಲಾರಿ ಓಡಿಸುವ ರವೂಫ್ ಮೊದಲು ತಿಂದ.

"ಎಂತ ಮಾರಾಯ, ಖಾರವೇ ಇಲ್ಲ, ಬಾಣಂತಿಗೆ ಮಾಡಿದ್ದಾ?"

ಇಡೀ ಹೋಟೆಲು ನಕ್ಕಿತು. ನಾನು ಅವನ ಪ್ಲೇಟು ಕಿತ್ತುಕೊಂಡು ಒಳಗೆ ಬರುವಾಗ ಅಣ್ಣ ಪಾತ್ರೆಗೆ ನಮ್ಮೂರಿನ ಕೋಳಿ ಸುಕ್ಕದ ಖಾರ ಮಸಾಲೆ ಸುರಿದಾಗಿತ್ತು. ಮೇಲಿಂದ ಕರಿಬೇವಿನ ಸೊಪ್ಪು ಬೇರೆ.

"ಯಾರನ್ನು ಕೇಳಿ ಹಾಕಿದ್ದು?"

"ಗಿರಾಕಿಯನ್ನು. ಹೋಗಿ ಬಡಿಸು."

ಬಡಿಸಿದೆ. ಪಾತ್ರೆಯ ತಳ ಕಂಡಿತು. ರವೂಫ್ ಬೆರಳು ನೆಕ್ಕುತ್ತಾ, "ಈಗ ನೋಡು, ಫಾರಿನ್ ಕೈ ಅಂದ್ರೆ ಇದು," ಅಂದ. ಅಣ್ಣ ಸೀಮೆಸುಣ್ಣ ಹುಡುಕಿ ಬೋರ್ಡಿನಲ್ಲಿ ಬರೆದ: ಸ್ಪೆಷಲ್ ಗುಲಾಶ್.

ಹೋಗಿ ಅಂಗೈಯಲ್ಲಿ ಒರೆಸಿಬಿಟ್ಟೆ.

"ತಲೆ ಸರಿ ಉಂಟಾ ನಿಂಗೆ? ಗುಲಾಶ್ ಮಾಡ್ತೇನೆ ಅಂತ ನೀನೇ ಕೇಳಿದ್ದಲ್ವಾ!"

"ಅದು ಗುಲಾಶ್ ಅಲ್ಲ."

"ಮತ್ತೆ ಗುಲಾಶ್ ಹೇಗಿರ್ತದೆ, ಹೇಳು."

ಹೇಳುದಕ್ಕೆ ನನಗಾದರೂ ಎಲ್ಲಿ ಗೊತ್ತು? ಹೋಗಿ ಹಿಟ್ಟಿನ ಉಂಡೆ ಎತ್ತಿ ಕಲ್ಲಿಗೆ ಅಪ್ಪಳಿಸಿದೆ. ಮತ್ತೊಂದು, ಇನ್ನೊಂದು. ಒಬ್ಬನೂ ತಿರುಗಿ ನೋಡಲಿಲ್ಲ. ಪರೋಟದ ಹೋಟೆಲಿನಲ್ಲಿ ಆ ಸದ್ದು ಇದ್ದದ್ದೇ.