ಯೊಮೊಗಿಗೆ ದೀರ್ಘಾಯುಷ್ಯದ ಪ್ರಶಸ್ತಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಕುಪ್ರಾಣಿಗಳಿಗೆ ನಿಷೇಧ ಬಂದಾಗ, ಅದಾಗಲೇ ಮನೆಯಲ್ಲಿದ್ದ ನಾಯಿ ಬೆಕ್ಕುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಇರುವುದು ಸಾಯುವ ತನಕ ಇರಲಿ, ಸತ್ತ ಮೇಲೆ ಇನ್ನೊಂದನ್ನು ತರುವಂತಿಲ್ಲ. ಅಂಥ ಮನೆಗಳ ಬಾಗಿಲಿಗೆ ಪಂಜದ ಗುರುತಿನ ಹಸಿರು ಸ್ಟಿಕ್ಕರ್ ಅಂಟಿಸಿದರು. ನಿಯಮ ರಚಿಸಿದವರು ನನ್ನ ಪಕ್ಕದ ಮನೆಯ ಕುರಮೊಚಿ. ಅವರಿಗೂ ಯೊಮೊಗಿ ಎಂಬ ಮುದಿ ಬೆಕ್ಕಿತ್ತಾದ್ದರಿಂದ ಅವರ ನಿಷ್ಪಕ್ಷಪಾತವನ್ನು ಎಲ್ಲರೂ ಕೊಂಡಾಡಿದರು.

ಕುರಮೊಚಿ ರೈಲ್ವೆಯಲ್ಲಿದ್ದವರು. ಸಿಗ್ನಲ್ ನೋಡಿದರೂ, ಗಡಿಯಾರ ನೋಡಿದರೂ ಅದರತ್ತ ಬೆರಳು ಮಾಡಿ "ಸರಿ!" ಎಂದು ಗಟ್ಟಿಯಾಗಿ ಹೇಳುವುದು ಆ ಕೆಲಸದ ಶಿಸ್ತು. ಅವರು ನಿವೃತ್ತರಾದರೂ ಬೆರಳು ನಿವೃತ್ತವಾಗಲಿಲ್ಲ. ಬೆಳಿಗ್ಗೆ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು: "ಗ್ಯಾಸು, ಸರಿ! ಕಿಟಕಿ, ಸರಿ! ಬೆಕ್ಕು, ಸರಿ!"

ನಿಷೇಧ ಬಂದ ಮೇಲೆ ಮೊದಲು ಸತ್ತದ್ದು ಕೆಳಮನೆಯ ನಿಶಿವಾಕಿಯವರ ನಾಯಿ, ದೈಫುಕು. ಒಂಟಿ ಹೆಂಗಸು ಅವರು. ಅದರ ಬೂದಿ ಮನೆಗೆ ಬಂದ ಮರುದಿನವೇ ಕುರಮೊಚಿ ಕಪ್ಪು ಟೈ ಕಟ್ಟಿಕೊಂಡು ಹೋದರು. ಧೂಪ ಹಚ್ಚಿದರು, ಬಾಗಿ ನಮಸ್ಕರಿಸಿದರು. ಹೊರಗೆ ಬಂದವರು ಬಾಗಿಲಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಖಾಲಿಯಾದ ಜಾಗಕ್ಕೆ ಬೆರಳು ತೋರಿಸಿ ಹೇಳಿದರು: "ಸ್ಟಿಕ್ಕರ್, ಸರಿ!"

ದಿನಾ ನಾಯಿಯ ಜೊತೆ ಕಡಲ ದಂಡೆಗೆ ನಡೆದು ಹೋಗುತ್ತಿದ್ದ ನಿಶಿವಾಕಿಯವರು ಆಮೇಲೆ ಅತ್ತ ಹೋಗುವುದನ್ನೇ ಬಿಟ್ಟರು. ಲಿಫ್ಟಿನಲ್ಲಿ ಸಿಕ್ಕರೆ ಕೈಯಲ್ಲಿ ಔಷಧಿ ಅಂಗಡಿಯ ಚೀಲ.

"ದೈಫುಕು ಇದ್ದಾಗ ಒಂದು ಮಾತ್ರೆ ನುಂಗಿದೋಳಲ್ಲ ನಾನು," ಎಂದರು ಒಮ್ಮೆ. "ಅದು ಎಳೀತಿತ್ತು, ನಾನು ಹೋಗ್ತಿದ್ದೆ. ಈಗ ಯಾರು ಎಳೀತಾರೆ ಹೇಳಿ? ನೀವು ಎಳೀತೀರಾ?"

ನಾನು ನಕ್ಕು, ಅವರ ಮಹಡಿ ಬಂದಾಗ ಬಾಗಿಲಿನ ಗುಂಡಿ ಒತ್ತಿ ಹಿಡಿದೆ.

ಎರಡು ವರ್ಷ ಕಳೆದ ಮೇಲೆ ಒಂದು ವಸಂತದಲ್ಲಿ ಗೋಡೆಯಾಚೆಯ "ಬೆಕ್ಕು, ಸರಿ!" ನಿಂತಿತು. ಗ್ಯಾಸು, ಕಿಟಕಿಗಳೂ ಒಂದೊಂದಾಗಿ ನಿಂತವು. ಕುರಮೊಚಿಯವರ ಅಂಗಿಯ ಕಾಲರು ಕುತ್ತಿಗೆಗಿಂತ ದೊಡ್ಡದಾಯಿತು. ಕೇಳಿದರೆ "ಹವಾಮಾನ" ಎನ್ನುತ್ತಿದ್ದರು. ಬೇಸಿಗೆ ಬಂದಾಗ ಒಂದು ಬೆಳಿಗ್ಗೆ, ಕಳ್ಳನೊಬ್ಬ ಪಿಸುಗುಟ್ಟಿದಂತೆ, "ಬೆಕ್ಕು... ಸರಿ." ವಾರ ಕಳೆಯುವುದರೊಳಗೆ ದನಿ ಮೊದಲಿನಷ್ಟೇ ಎತ್ತರಕ್ಕೇರಿತ್ತು. ಮೀನು ಹುರಿಯುವ ವಾಸನೆ ಬಂತು, ಮುಖಕ್ಕೆ ರಕ್ತ ಬಂತು. ರಕ್ತದೊತ್ತಡ ಇಳಿದಿದೆಯೆಂದು ಡಾಕ್ಟರು ಹೊಗಳಿದ್ದನ್ನು ನನಗೆ ಎರಡು ಸಲ ಹೇಳಿದರು.

ನಾನು ಕುರುಡನಲ್ಲ. ಹಲ್ಲುದುರಿದ ಮುದಿ ಬೆಕ್ಕು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಪರದೆ ಹತ್ತಿ ನೇತಾಡುವುದಿಲ್ಲ. ಆದರೆ ನೆರೆಯವನು ಚೆನ್ನಾಗಿ ಉಂಡು ಮಲಗಿದರೆ ನನಗೇನು ನಷ್ಟ? ಕೆಳಗಿನ ಮನೆಯ ಮಾತ್ರೆಗಳ ನೆನಪು ಆಗ ನನಗೂ ಬರಲಿಲ್ಲ.

ಹೀಗೇ ವರ್ಷಗಳು ಕಳೆದು, ಈ ವರ್ಷ ನಿವಾಸಿಗಳ ಸಂಘಕ್ಕೆ ಹೊಸ ಅಧ್ಯಕ್ಷೆ, ಶಿರಾಫುಜಿ. ಸುಮ್ಮನೆ ಕೂರಲಾರದ ಜೀವ. ಹಿರಿಯರ ದಿನಕ್ಕೆ ಪಶುವೈದ್ಯರು ದೀರ್ಘಾಯುಷಿ ಪ್ರಾಣಿಗಳಿಗೂ ಪ್ರಶಸ್ತಿಪತ್ರ ಕೊಡುತ್ತಾರೆಂದು ಆಕೆಗೆ ತಿಳಿಯಿತು.

"ಇಪ್ಪತ್ತೊಂದು ವರ್ಷ! ಯೊಮೊಗಿ ನಮ್ಮ ಕಟ್ಟಡದ ಹೆಮ್ಮೆ ಕಣ್ರೀ!"

"ಬೇಡ," ಎಂದರು ಕುರಮೊಚಿ. "ಅದಕ್ಕೆ ಬಹಳ ನಾಚಿಕೆ."

"ನಾಚಿಕೆ ಬೆಕ್ಕಿಗಾ, ನಿಮಗಾ? ನಾನು ಆಗ್ಲೇ ಹೆಸರು ಕೊಟ್ಟಾಯ್ತು."

ಹಿರಿಯರ ದಿನ ಸಭಾಂಗಣದಲ್ಲಿ ಶುಭದಿನಕ್ಕೆ ಮಾಡುವ ಕೆಂಪು ಕಾಳಿನ ಅನ್ನ, ಕಾಗದದ ಹೂ, ನಮ್ಮ ಕಟ್ಟಡದ ಮುದುಕ ಮುದುಕಿಯರು. ಬಂದಿದ್ದ ವೈದ್ಯೆ ಚಿಕ್ಕ ವಯಸ್ಸಿನವಳು. ಬೆಕ್ಕನ್ನು ಬುಟ್ಟಿಯಿಂದ ತೆಗೆದು ಬಾಯಿ ತೆರೆಸಿದಳು. ಕುರಮೊಚಿಯವರ ಮುಖ ನೋಡಿದಳು. ಮತ್ತೆ ಬಾಯಿ ನೋಡಿದಳು.

"ಹಲ್ಲು... ತುಂಬ ಚೆನ್ನಾಗಿದೆ," ಎಂದಳು ಮೆಲ್ಲಗೆ.

"ಏನ್ ತಿನ್ನಿಸ್ತೀರಿ? ನಮಗೂ ಹೇಳ್ರೀ!" ಎಂದರು ಶಿರಾಫುಜಿ. ಸಭೆ ನಕ್ಕಿತು. ವೈದ್ಯೆ ಕಣ್ಣು ತಗ್ಗಿಸಿ ಪತ್ರ ಎತ್ತಿಕೊಂಡಳು. ಕುರಮೊಚಿ ಬರೀ ಕೈ ಚಾಚಿದ್ದರೆ ಸಾಕಿತ್ತು. ಚಾಚಿದ್ದರು ಕೂಡ. ಅಷ್ಟರಲ್ಲಿ, ಹಿಂದಿನ ಸಾಲಿನಲ್ಲಿ ಊರುಗೋಲನ್ನು ಮೊಣಕಾಲಿಗೆ ಒರಗಿಸಿಕೊಂಡು ನಿಶಿವಾಕಿಯವರು ಚಪ್ಪಾಳೆ ತಟ್ಟುತ್ತಿರುವುದು ಅವರ ಕಣ್ಣಿಗೆ ಬಿತ್ತು. ಮನಸಾರೆ ತಟ್ಟುತ್ತಿದ್ದರು.

ಕೈ ಹಿಂದಕ್ಕೆ ಹೋಯಿತು.

"ಇದು ಯೊಮೊಗಿ ಅಲ್ಲ," ಎಂದರು. "ಯೊಮೊಗಿ ಸತ್ತು ನಾಲ್ಕು ವರ್ಷ ಆಯ್ತು. ಊಟ ಸೇರ್ತಿರ್ಲಿಲ್ಲ. ಬಂದರಿನ ಹತ್ರ ಈ ಮರಿ ಸಿಕ್ತು, ಬಣ್ಣ ಅದೇ ಇತ್ತು. ಸ್ಟಿಕ್ಕರ್ ಕೀಳಲಿಲ್ಲ ನಾನು." ಆಮೇಲೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು, ಮೇಲೆತ್ತಲಿಲ್ಲ. ಕತ್ತಿನ ಹಿಂಭಾಗ ಕಿವಿಯವರೆಗೂ ಕೆಂಪಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ನಾನು ನನ್ನ ತಟ್ಟೆಯ ಕೆಂಪು ಕಾಳನ್ನು ನೋಡುತ್ತ ಕೂತೆ.

"ಇದಕ್ಕೆಷ್ಟು ವಯಸ್ಸು?" ನಿಶಿವಾಕಿಯವರು ಕೂತಲ್ಲಿಂದಲೇ ಕೇಳಿದರು.

"ನಾಲ್ಕು."

"ಹಾಗಾದ್ರೆ ನಾನು ತರದೇ ಉಳಿದ ನಾಯಿಗೆ ಈಗ ಆರು ತುಂಬಿರ್ತಿತ್ತು."

ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ ಎಂದು ಶಿರಾಫುಜಿ ಮನೆಗೆ ಒಯ್ಯುವ ಅನ್ನದ ಪೊಟ್ಟಣ ಹಂಚತೊಡಗಿದರು.

ಮರುದಿನ ಬಾಗಿಲಾಚೆಯ ಕಾರಿಡಾರಿನಲ್ಲಿ ಮಾತು ಕೇಳಿ ಇಣುಕಿದೆ. ಕುರಮೊಚಿ ನಿಶಿವಾಕಿಯವರನ್ನು ತಮ್ಮ ಬಾಗಿಲಿಗೆ ಕರೆತಂದಿದ್ದರು.

"ನನ್ನ ಕೈಲಿ ಆಗ್ತಿಲ್ಲ. ನೀವೇ ಕಿತ್ತುಬಿಡಿ. ನಿಮ್ಮ ಕೈಯಿಂದಲೇ ಆಗ್ಬೇಕು ಅದು."

ನಿಶಿವಾಕಿಯವರು ಹಸಿರು ಸ್ಟಿಕ್ಕರನ್ನೇ ನೋಡಿದರು. "ಅವತ್ತು ನನ್ನ ಬಾಗಿಲಲ್ಲಿ ಬೆರಳು ತೋರಿಸಿ ಏನಂದ್ರಿ, ನೆನಪಿದ್ಯಾ?"

"ಇದೆ."

"ಹೇಳಿ."

"ಸ್ಟಿಕ್ಕರ್... ಸರಿ, ಅಂದೆ."

"ಹೂಂ. ಒಳಗೆ ಕೂತು ಕೇಳಿಸ್ಕೊಂಡೆ ನಾನು."

ಬೆಕ್ಕು ಬಾಗಿಲ ಸಂದಿಯಿಂದ ಬಂದು ಊರುಗೋಲಿನ ತುದಿ ಮೂಸಿತು, ಆಮೇಲೆ ಅವರ ಕಾಲಿಗೆ ಮೈ ಉಜ್ಜಿತು. ಅವರು ಗೋಡೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ಅದರ ತಲೆ ಸವರಿದರು.

"ಸಭೆ ಏನಾದ್ರೂ ತೀರ್ಮಾನ ಮಾಡ್ಲಿ. ಅಲ್ಲೀತನಕ ದಿನಾ ಬೆಳಿಗ್ಗೆ ಇದನ್ನ ನನ್ನ ಮನೇಲಿ ಬಿಟ್ಟು ಹೋಗಿ. ನನಗೂ ಬಿ.ಪಿ. ಇದೆ." ಹೊರಟವರು ತಿರುಗಿ ನಿಂತರು. "ಬೇರೆ ಹೆಸರಿಡಿ. ಸತ್ತದ್ದರ ಹೆಸರಲ್ಲಿ ಎಷ್ಟು ದಿನ ಬದುಕುತ್ತೆ, ಪಾಪ."

ಈಗ ಬೆಳಿಗ್ಗೆ ವಾಕಿಂಗ್ ಹೊರಟಾಗ ನನಗೆ ಕಾಣಿಸುತ್ತದೆ. ಕುರಮೊಚಿ ಬುಟ್ಟಿ ಹಿಡಿದು ಕೆಳಗಿನ ಬಾಗಿಲ ಮುಂದೆ ನಿಲ್ಲುತ್ತಾರೆ. ಬೆಕ್ಕು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಬಣ್ಣ ಮಾಸಿದ ಆ ಬಾಗಿಲಲ್ಲಿ ಸ್ಟಿಕ್ಕರಿದ್ದ ಜಾಗವೊಂದು ಮಾತ್ರ ಇನ್ನೂ ಹೊಸದಾಗಿದೆ. ಅಭ್ಯಾಸಬಲದಿಂದ ಅವರ ಬೆರಳು ಅದರತ್ತ ಏಳುತ್ತದೆ. ಬಾಯಿ ತೆರೆಯುತ್ತದೆ. ಆದರೆ ಬೆರಳನ್ನು ಮಡಚಿಕೊಂಡು ಮೆಟ್ಟಿಲು ಹತ್ತುತ್ತಾರೆ.