ಪಾರಣೆಯ ಬೇಳೆ

ನನ್ನ ನಾಲಿಗೆ ಹರಿತ ಎಂದು ನಮ್ಮ ಓಣಿಗೆಲ್ಲ ಗೊತ್ತು. ಬಹಳ ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಎಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಆ ನಾಲಿಗೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಕಲಬುರ್ಗಿಯ ಐವಾನ್-ಎ-ಶಾಹಿಯ ಹತ್ತಿರ ನಮ್ಮ ಮನೆ. ನನ್ನ ಯಜಮಾನರು ಮುಕುಂದರಾಯರು ಕಚೇರಿಯಲ್ಲಿ ಗುಮಾಸ್ತರು. ಅತ್ತೆ ಜಾನಕೀಬಾಯಿ ತೀರಿಕೊಂಡ ಮೇಲೆ ಅವರ ಮಡಿಯೂ ಅವರ ಕೆಂಡದ ಕುಕ್ಕರೂ ನನ್ನ ಪಾಲಿಗೆ ಬಂದವು. ಸೊಲ್ಲಾಪುರದಿಂದ ತಂದ ದೊಡ್ಡ ಹಿತ್ತಾಳೆ ಕುಕ್ಕರ್ ಅದು. ತಳದಲ್ಲಿ ಕೆಂಡ, ಅದರ ಮೇಲೆ ನೀರು, ಆಮೇಲೆ ಒಂದರ ಮೇಲೊಂದು ಡಬ್ಬಿ. ಕೆಳಗಿನದರಲ್ಲಿ ಬೇಳೆ, ಮೇಲಿನದರಲ್ಲಿ ಅಕ್ಕಿ. ಮುಚ್ಚಳ ಬಿಗಿದರೆ ಎರಡು ತಾಸು ಆ ಕಡೆ ತಿರುಗಿ ನೋಡುವ ಹಾಗಿಲ್ಲ. ನಡುವೆ ತೆಗೆದರೆ ಹಬೆ ಹೋಗಿ ಎಲ್ಲ ಕೆಡುತ್ತದೆ. ನಿಧಾನವಾಗಿ ಬೆಂದ ಆ ತೊಗರಿಬೇಳೆಯನ್ನು ಸೌಟಿನಿಂದ ಮುಟ್ಟಿದರೆ ಸಾಕು, ಬೆಣ್ಣೆಯಾಗುತ್ತಿತ್ತು.

ಬೇಳೆ ತರುತ್ತಿದ್ದವಳು ಕಮಲಾಪುರದ ಯಮನಮ್ಮ. ತಮ್ಮ ಹೊಲದ ತೊಗರಿಯನ್ನು ತಾನೇ ನೆನೆಸಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ತರುತ್ತಿದ್ದಳು. ನನ್ನ ಮಾತಿನ ಮೇಲೆ ನಮ್ಮ ಬಳಗದ ಎಂಟು ಮನೆಗಳು ಅವಳ ಹತ್ತಿರವೇ ಕೊಳ್ಳುತ್ತಿದ್ದವು. ಅಂಗಡಿಗೆ ಹಾಕಿದರೆ ಅವಳ ಬೇಳೆ ನೂರು ಜನರ ಬೇಳೆಯೊಳಗೆ ಬೆರೆತು ಹೋಗುತ್ತಿತ್ತು. "ಯಮನಮ್ಮನ ಬ್ಯಾಳಿ" ಎಂದು ಹೆಸರು ಹಿಡಿದು ಕೇಳುವವರು ನಾವೇ. ಆ ಹೆಸರೆಂದರೆ ಅವಳಿಗೆ ಜೀವ.

ಆ ವರ್ಷ ವೈಶಾಖದ ಏಕಾದಶಿಯ ಸಂಜೆ ಅವಳು ಎಂಟೂ ಮನೆಗೆ ಹೊಸ ಬೇಳೆ ಕೊಟ್ಟು, ಕೋಟನೂರಿನ ತಂಗಿಯ ಮನೆಗೆ ಹೋದಳು. ಖಾಲಿ ಚೀಲ ಒಯ್ಯಲು ಬೆಳಿಗ್ಗೆ ಬರುತ್ತೇನೆಂದಳು. ಮರುದಿನ ದ್ವಾದಶಿ. ಹನ್ನೆರಡು ಮಂದಿಯನ್ನು ಪಾರಣೆಗೆ ಕರೆದಿದ್ದೆ. ಪಾರಣೆ ಎಂದರೆ ಉಪವಾಸ ಬಿಡುವ ಊಟ. ಅಂದು ದ್ವಾದಶಿ ತಿಥಿ ಸ್ವಲ್ಪವೇ ಇತ್ತು, ಆರೂಮುಕ್ಕಾಲಿನೊಳಗೆ ಎಲೆಯ ಮುಂದೆ ಕೂತು ಮುಗಿಸಬೇಕು.

ನಮ್ಮ ಬಾವಿ ಬತ್ತಿತ್ತು. ದಿನದ ಅಡುಗೆಗೆ ಹೇಗೋ ನಳದ ನೀರು ಒಪ್ಪಿಕೊಂಡಿದ್ದೆ, ಆದರೆ ಪಾರಣೆಗೆ ಒಲ್ಲೆ ಎಂದೆ. ನಳದೊಳಗಿನ ವಾಶರ್ ತೊಗಲಿನದು, ಮಡಿಗೆ ಆಗದು. ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಹಿಂದಿನ ಓಣಿಯ ಹಾಳು ಬಾವಿಗೆ ಹೋಗಿ ನಾನೇ ಸೇದಿ ತಂದೆ. ನೀರು ಹೇಗಿದೆ ಎಂದು ಒಂದು ಹನಿ ಬಾಯಿಗೆ ಹಾಕಿ ನೋಡುವ ಹಾಗೂ ಇರಲಿಲ್ಲ. ನನ್ನದು ನೀರೂ ಮುಟ್ಟದ ಉಪವಾಸ. ಅದೇ ನೀರಲ್ಲಿ ಹೊಸ ಬೇಳೆ ಇಟ್ಟು, ಮುಚ್ಚಳ ಬಿಗಿದೆ.

ಆರೂಕಾಲಿಗೆ ಎಲೆ ಹಾಕಿ ಕುಕ್ಕರ್ ತೆಗೆದೆ. ಅನ್ನ ಮಲ್ಲಿಗೆಯಂತಿತ್ತು. ಬೇಳೆ ಹಾಕಿದ ಹಾಗೇ ಕೂತಿತ್ತು. ಸೌಟಿನಿಂದ ಒತ್ತಿದರೆ ಟಕ್ ಎಂದಿತು. ಮತ್ತೆ ಬೇಯಿಸಲು ಹೊತ್ತಿಲ್ಲ. ಎಲೆಯ ಮುಂದೆ ಕೂತಿದ್ದ ಬಂಡು ಆಚಾರ್ಯರು ಗಡಿಯಾರ ನೋಡಿ, "ಇರಲಿ ತಾಯಿ, ಮಜ್ಜಿಗಿ ಅನ್ನನೇ ಬಡಸ್ರಿ" ಎಂದರು. ಎದುರು ಮನೆಯ ಪಾರ್ವತೀಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಅದೇ ಹೊತ್ತಿಗೆ ಯಮನಮ್ಮ ಅಂಗಳಕ್ಕೆ ಬಂದಳು. ನಾನು ಬೇಳೆಯ ಡಬ್ಬಿಯನ್ನೇ ಹಿಡಿದು ಹೊರಗೆ ಹೋದೆ.

"ಏನ ಇದು? ಹಳೇ ಮುಗ್ಗಲು ಬ್ಯಾಳಿ ಕೂಡಿಸಿ ತಂದೀಯಲ್ಲ, ನಾಚಿಕಿ ಬರಂಗಿಲ್ಲ ನಿನಗ?"

"ಇಲ್ರೀ ಬಾಯಾರ. ಅದನ್ನ ನಾವೂ ಉಣ್ತೀವ್ರಿ. ನಿನ್ನೆ ನನ್ನ ತಂಗಿ ಮನ್ಯಾಗೂ ಅದನ್ನೇ ಕುದಿಸಿದ್ವಿ. ಚಂದ ಬೆಂದೈತ್ರಿ."

"ನಿಮಗ ಒಂದು, ನಮಗ ಒಂದು ತಂದೀಯೇನು ಮತ್ತ? ಇನ್ನ ನಮ್ಮ ಓಣ್ಯಾಗ ಕಾಲಿಡಬ್ಯಾಡ."

ಅವಳು ಡಬ್ಬಿ ನೋಡಿದಳು. ಪಕ್ಕದಲ್ಲಿದ್ದ ನನ್ನ ಮಡಿನೀರಿನ ಕೊಡ ನೋಡಿದಳು. ಒಳಗೆ ಎಲೆಯ ಮುಂದೆ ಕೂತವರ ಕಡೆ ನೋಡಿದಳು. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಕಳ್ಳಿಗೆ ಉತ್ತರ ಎಲ್ಲಿಂದ ಬರಬೇಕು ಎಂದುಕೊಂಡೆ.

ಮೂರನೇ ದಿನ, ಬೇಯಿಸದೆ ಉಳಿದಿದ್ದ ಆ ಬೇಳೆಯನ್ನು ಚೆಲ್ಲಲು ಮನಸ್ಸು ಬಾರದೆ, ನಳದ ನೀರಿನಲ್ಲಿ ಇಟ್ಟೆ. ಎರಡು ತಾಸಿಗೆ ತೆಗೆದರೆ ಬೆಣ್ಣೆ. ಕೂಡಲೇ ಹೋಗಿ ಹಿಂದಿನ ಓಣಿಯ ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಸವಳು. ಉಪ್ಪುಪ್ಪು, ಕಹಿ. ಅಂಥ ನೀರಲ್ಲಿ ಬೇಳೆ ಸಾಯುವವರೆಗೂ ಬೇಯುವುದಿಲ್ಲ.

ಆವತ್ತೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ನನ್ನ ಮಡಿಯೇ ಪಾರಣೆ ಕೆಡಿಸಿತು ಎಂದು ಪಾರ್ವತೀಬಾಯಿ ಊರೆಲ್ಲ ಸಾರುತ್ತಾಳೆ ಎಂದು ಹೆದರಿದೆ. ನನ್ನ ಮಾತು ನಂಬಿ ಎಂಟೂ ಮನೆಯವರು ಅವಳ ಬೇಳೆಯನ್ನು ಬೇಯಿಸಿಯೂ ನೋಡದೆ ಯಾರಿಗೋ ಕೊಟ್ಟು, ಜಗತ್ ವೃತ್ತದ ಅಂಗಡಿಯಿಂದ ಬೇಳೆ ತರತೊಡಗಿದರು. ನನ್ನ ಮುಂದೆ ಯಾರಾದರೂ "ಆ ಮೋಸಗಾತಿ" ಎಂದರೆ ನಾನು ತಲೆಯಾಡಿಸುತ್ತಿದ್ದೆ. ಥೂ, ನನ್ನ ಬಾಳಿಗೆ.

ಮುಂದಿನ ವರ್ಷ ಹೊಸ ಬೇಳೆಯ ಕಾಲ ಬಂತು. ಯಮನಮ್ಮ ಬರಲಿಲ್ಲ. ಒಂದು ಬೆಳಿಗ್ಗೆ ಯಜಮಾನರಿಗೆ ಹೇಳದೆ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ಯಮನಮ್ಮ ಕಟ್ಟೆಯ ಮೇಲೆ ಬೇಳೆ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಗಂಡ ಮಾಳಿಂಗಪ್ಪ ನಮಸ್ಕಾರ ಮಾಡಿ ಹಿತ್ತಲಿಗೆ ಹೋದ. ನಾನು ಕೂರಲಿಲ್ಲ. ನಿಂತೇ ಹೇಳಿದೆ.

"ನಿನ್ನ ಬ್ಯಾಳಿ ತಪ್ಪಿಲ್ಲ, ಯಮನಮ್ಮ. ನೀರು ಸವಳಿತ್ತು."

"ಗೊತ್ತೈತ್ರಿ."

"ಯಾವಾಗ ಗೊತ್ತಾತು?"

"ಆವತ್ತೇ. ಕೊಡದ ಮ್ಯಾಲ ಬಿಳಿ ಉಪ್ಪು ಕೂತಿತ್ತಲ್ರಿ."

"ಮತ್ತ್ಯಾಕ ಹೇಳಲಿಲ್ಲ?"

ಅವಳು ಮೊರ ಕೆಳಗಿಟ್ಟಳು. "ಒಳಗ ಅಷ್ಟು ಮಂದಿ ಕೂತಿದ್ರು. ಅವರ ಮುಂದ ನಿಮ್ಮ ಮಡಿನೀರಿಗೆ ಹೆಂಗ ತಪ್ಪು ಹಚ್ಚಲ್ರಿ? ನೀವು ತಲಿ ತಗ್ಗಸ್ತಿದ್ರಿ. ನಾಕು ದಿನ ಹೋದ್ರ ನಿಮಗ ತಿಳೀತದ, ನೀವೇ ಕರೀತೀರಿ ಅಂದ್ಕೊಂಡೆ. ದಾರಿ ನೋಡಿದೆ."

ನನಗೆ ಅಳು ಬಂತು. ಅಲ್ಲೇ ಚಾಪೆಯ ಮೇಲೆ ಕೂತೆ. ಅವಳ ಕೈ ಹಿಡಿಯಲು ಹೋದೆ, ಅವಳು ನಿಧಾನವಾಗಿ ಹಿಂದೆ ಸರಿದಳು.

"ಎಂಟೂ ಮನಿಗೆ ಹೋಗಿ ಹೇಳ್ತೀನಿ" ಎಂದೆ.

"ಹೇಳ್ರಿ. ಆದ್ರ ಬ್ಯಾಳಿ ಇಲ್ರಿ ಈಗ. ಎಲ್ಲಾ ಅಂಗಡಿಗೆ ಹಾಕೀವಿ. ಇದು ನಮ್ಮ ಮನಿಗೆ ಆಗೋವಷ್ಟ ಐತ್ರಿ."

ಒಳಗೆ ಒಲೆಯ ಮೇಲೆ ಅದೇ ಬೇಳೆ ಬೇಯುತ್ತಿತ್ತು. ಘಮ ಬರುತ್ತಿತ್ತು. ಹುಟ್ಟಿದಾಗಿನಿಂದ ಬೇರೆಯವರ ಮನೆಯಲ್ಲಿ ಬೆಂದದ್ದನ್ನು ಮುಟ್ಟದವಳು ನಾನು. ಏನಾದರೂ ಮಾಡಿ ತಪ್ಪನ್ನು ತೀರಿಸಬೇಕೆನಿಸಿತು.

"ಒಂದು ತುತ್ತು ಅನ್ನ ಬ್ಯಾಳಿ ಹಾಕು, ಯಮನಮ್ಮ. ಉಂಡು ಹೋಗ್ತೀನಿ."

ಅವಳು ನನ್ನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಬಾಯಾರ. ಇಲ್ಲಿ ಉಂಡಿದ್ದನ್ನ ನೀವು ಮನ್ಯಾಗ ಹೇಳಂಗಿಲ್ಲ. ಅದನ್ನೂ ಮುಚ್ಚಿಡ್ತೀರಿ."